ಒಂದು ಆದೇಶ, ಅದರೊಳಗಿನ ಎರಡು ಪದ

ಮಣಿಪಾಲ, ಕಾಪು, ಕಾರ್ಕಳದ ಕಡೆ ಹಿಜಾಬ್ ವಿವಾದದ ಬಗ್ಗೆ ಮಾತಾಡಲು ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸರ್, ಹಿಜಾಬ್ ಕಾಯ್ದೆ ಬಂದದ್ದು ಯಾವಾಗ?” ಅಂಥ ಕಾಯ್ದೆ ಬಂದೇ ಇಲ್ಲ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ತರಗತಿಯಲ್ಲಿ ಹಿಜಾಬ್ ಧರಿಸುವ ಬಗ್ಗೆ 2021ರ ಕೊನೆಗೆ ಎದ್ದ ವಿವಾದ ಕುಂದಾಪುರಕ್ಕೂ ರಾಜ್ಯಕ್ಕೂ ಹಬ್ಬಿದ ಮೇಲೆ, 2022ರ ಫೆಬ್ರವರಿ 5ರಂದು ಹೊರಬಿದ್ದದ್ದು ಸಮವಸ್ತ್ರದ ಬಗೆಗಿನ ಒಂದು ಸರ್ಕಾರಿ ಆದೇಶ. ತಲೆಗೆ ವಸ್ತ್ರ ಹಾಕುವ ಮಾತು ಅದರ ಪ್ರಸ್ತಾವನೆಯಲ್ಲಿದೆ. ಕೆಳಗಿನ ಆದೇಶದ ಭಾಗದಲ್ಲಿ ಹಿಜಾಬಿನ ಹೆಸರೇ ಇಲ್ಲ.

ಮೊದಲು ಮೆಟ್ಟಿಲುಗಳನ್ನು ಗುರುತಿಸಿಕೊಳ್ಳೋಣ. ಕಾಯ್ದೆ ಮಾಡುವುದು ಶಾಸಕಾಂಗ. ಆ ಕಾಯ್ದೆ ಕೊಟ್ಟ ಅಧಿಕಾರದಿಂದ ಸರ್ಕಾರ ನಿಯಮ ಮಾಡುತ್ತದೆ. ಆದೇಶ, ಸುತ್ತೋಲೆ ಅದಕ್ಕೂ ಕೆಳಗೆ. ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ. ಇಲ್ಲಿ ಕಾಯ್ದೆ ಎಂದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ. ಅದರ 133(2)ನೇ ಪ್ರಕರಣದಡಿ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ನಿರ್ದೇಶನ ಕೊಡಬಹುದು.

ನಡುವಿನ ಮೆಟ್ಟಿಲನ್ನು ಜನ ಮರೆಯುತ್ತಾರೆ. ಅದೇ ಕಾಯ್ದೆಯಡಿ ಮಾಡಿದ 1995ರ ನಿಯಮಗಳಲ್ಲಿ 11ನೆಯದು ಸಮವಸ್ತ್ರದ ಬಗ್ಗೆ. ಮಾನ್ಯತೆ ಪಡೆದ ಸಂಸ್ಥೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು. ಮಾಡಿದ ಮೇಲೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಇದನ್ನು ಓದುವಾಗೆಲ್ಲ ನನಗೆ ಜೂನ್ ಮಳೆಯಲ್ಲಿ ದರ್ಜಿ ಅಂಗಡಿಯ ಮುಂದೆ ನಿಂತ ಅಪ್ಪ ಅಮ್ಮಂದಿರು ಕಣ್ಣಿಗೆ ಬರುತ್ತಾರೆ. ಅವರ ಕಷ್ಟ ಬಲ್ಲ ಯಾರೋ ಬರೆದ ಸಾಲುಗಳಿವು.

ಇನ್ನು ಆದೇಶ. ಸರ್ಕಾರಿ ಶಾಲೆಗಳಲ್ಲಿ ಸರ್ಕಾರ ನಿಗದಿ ಮಾಡಿದ ಸಮವಸ್ತ್ರ. ಖಾಸಗಿಯವರಲ್ಲಿ ಆಡಳಿತ ಮಂಡಳಿ ಹೇಳಿದ್ದು. ಪದವಿಪೂರ್ವ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ್ದು. ಸಮವಸ್ತ್ರವೇ ಇಲ್ಲದ ಕಡೆ ಸಮಾನತೆ, ಐಕ್ಯತೆ ಕಾಪಾಡುವ, ‘ಸಾರ್ವಜನಿಕ ಸುವ್ಯವಸ್ಥೆ’ಗೆ ಧಕ್ಕೆ ತರದ ಉಡುಪು. ನಾನು ಪ್ರತಿ ಸಲ ಹೆಚ್ಚು ಹೊತ್ತು ನಿಲ್ಲುವುದು ಈ ಎರಡು ಪದಗಳ ಮುಂದೆ.

ಸಂವಿಧಾನದ 25ನೇ ವಿಧಿ ಧರ್ಮಸ್ವಾತಂತ್ರ್ಯ ಕೊಡುವಾಗಲೇ ಅದಕ್ಕೆ ಮಿತಿಯನ್ನೂ ಹೇಳುತ್ತದೆ. ಆ ಮಿತಿಗಳಲ್ಲಿ ಮೊದಲನೆಯದೇ ಸಾರ್ವಜನಿಕ ಸುವ್ಯವಸ್ಥೆ. ನಾವು ದಿನವೂ ಪತ್ರಿಕೆಯಲ್ಲಿ ಓದುವ ‘ಕಾನೂನು ಸುವ್ಯವಸ್ಥೆ’ ಇದಲ್ಲ. ಎರಡರಲ್ಲೂ ಸುವ್ಯವಸ್ಥೆ ಇರುವುದರಿಂದ ಕನ್ನಡದಲ್ಲಿ ಓದುವವರು ಇಲ್ಲೇ ಎಡವುವುದು. ಈ ವ್ಯತ್ಯಾಸ ತಿಳಿಸಲೆಂದೇ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಬಂಧನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಿದಾಯತುಲ್ಲಾ ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ ಎಂದರು. ಹೊರಗಿನ ದೊಡ್ಡದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕೂ ಒಳಗೆ ರಾಜ್ಯದ ಭದ್ರತೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಸೀಟಿಗಾಗಿ ಇಬ್ಬರು ಕೈಕೈ ಮಿಲಾಯಿಸಿದರೆ ಕೆಟ್ಟದ್ದು ಹೊರವೃತ್ತ ಮಾತ್ರ. ಪೇಟೆಯೇ ಹೆದರಿ ಬಾಗಿಲು ಹಾಕಿಕೊಂಡರೆ ಎರಡನೇ ವೃತ್ತಕ್ಕೂ ಪೆಟ್ಟು ಬಿತ್ತು. ಎಷ್ಟು ಚೆಂದದ ವಿವರಣೆ! ಕಪ್ಪುಹಲಗೆಯ ಮೇಲೆ ಮೂರು ವೃತ್ತ ಬರೆದರೆ ಸಾಕು, ಹಿಂದಿನ ಬೆಂಚಿನವರೂ ತಲೆಯಾಡಿಸುತ್ತಾರೆ.

ಆದೇಶವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋದ ವಿದ್ಯಾರ್ಥಿನಿಯರ ವಕೀಲ ದೇವದತ್ತ ಕಾಮತ್ ಹಿಡಿದದ್ದು ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಇದೇ ಪದವನ್ನು. ಸಂವಿಧಾನದ ಅಧಿಕೃತ ಕನ್ನಡ ಪಾಠದಲ್ಲಿರುವುದೂ ಈ ಪದವೇ, ಹಾಗಾದರೆ ಅರ್ಥವೂ ಅದೇ ಎಂಬುದು ಅವರ ವಾದ. ಸಾರ್ವಜನಿಕ ಸುವ್ಯವಸ್ಥೆ ಕಾಯುವಂಥ ದೊಡ್ಡ ಹೊಣೆಯನ್ನು ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಗೆ ಬಿಡಲಾಗದು ಎಂದರು. ಸರ್ಕಾರದ ಪರವಾಗಿ ಅಡ್ವೊಕೇಟ್ ಜನರಲ್ ಪ್ರಭುಲಿಂಗ ನಾವದಗಿ ಆ ಅರ್ಥವನ್ನು ಒಪ್ಪಲಿಲ್ಲ. 2022ರ ಮಾರ್ಚ್ 15ರ ತೀರ್ಪು ಆದೇಶವನ್ನು ಎತ್ತಿಹಿಡಿಯಿತು. ಸರ್ಕಾರಿ ಆದೇಶದ ಪದಗಳನ್ನು ಕಾಯ್ದೆಯ ಪದಗಳಂತೆ ತೂಗಬೇಕಿಲ್ಲ, ಸಂದರ್ಭ ನೋಡಿ ಅರ್ಥಮಾಡಬೇಕು ಎಂದಿತು. ಇಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಗೇಟಿನ ಹೊರಗೆ ನಿಂತ ಹದಿನೇಳರ ಹುಡುಗಿಗೆ ಕಾಯ್ದೆಯೂ ಆದೇಶವೂ ಒಂದೇ ಭಾರ. ಹಾಗಿರುವಾಗ ಆದೇಶ ಬರೆಯುವವರೂ ಪದಗಳನ್ನು ತೂಗಿಯೇ ಬರೆಯಬೇಕಲ್ಲವೇ?

ವಿಷಯ ಮೇಲ್ಮನವಿಗೆ ಹೋಗಿ, ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರು. ಹೆಣ್ಣುಮಕ್ಕಳ ಓದನ್ನೇ ಮುಂದಿಟ್ಟುಕೊಂಡ ಸುಧಾಂಶು ಧುಲಿಯಾ ಆದೇಶವನ್ನು ರದ್ದು ಮಾಡಿದರು. ಸೂಕ್ತ ಪೀಠ ರಚಿಸಲೆಂದು ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.

ಕಾನೂನು ಓದುವವರೇ ಆಗಬೇಕಿಲ್ಲ, ಆ ಆದೇಶವನ್ನು ಒಮ್ಮೆ ಪೂರ್ತಿ ಓದಿ, ಅದೂ ಕನ್ನಡದಲ್ಲಿ. ಮೇಲ್ಗಡೆ ‘ಓದಲಾಗಿದೆ’ ಎಂಬಲ್ಲಿ 1983ರ ಕಾಯ್ದೆಯೂ ಸಮಿತಿಗಳನ್ನು ಹುಟ್ಟುಹಾಕಿದ 2014ರ ಜನವರಿ 31ರ ಸುತ್ತೋಲೆಯೂ ಕಾಣುತ್ತವೆ. ಪ್ರಸ್ತಾವನೆಯಲ್ಲಿ ಕೇರಳ ಹೈಕೋರ್ಟಿನ 2018ರ ತೀರ್ಪೊಂದನ್ನು ಆಧಾರವಾಗಿ ಹೇಳಿದೆ. ಅದು ಖಾಸಗಿ ಶಾಲೆಯೊಂದರ ಪ್ರಕರಣ. ಆ ತೀರ್ಪನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು, ಸರ್ಕಾರಿ ಕಾಲೇಜಿಗೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂದು ನೀವೇ ನೋಡಿ.