ಗುಹ್ಯರೋಗದ ಪರೀಕ್ಷೆ ಯಾರಿಗೆ?

ಗುಹ್ಯರೋಗಗಳ ಹೆಸರೆತ್ತುವುದು ಸಭ್ಯರಿಗೆ ಸಲ್ಲದೆಂಬ ಸಂಕೋಚವು ನಮ್ಮ ವಾಚಕರಲ್ಲಿ ಹಲವರಿಗಿರಬಹುದು. ಆದರೆ ಈ ಸಂಕೋಚಕ್ಕೆ ದಂಡ ತೆರುತ್ತಿರುವವರು ಮನೆಯೊಳಗಿನ ಹೆಂಗಸರೂ ಇನ್ನೂ ಹುಟ್ಟದ ಶಿಶುಗಳೂ ಆಗಿರುವುದರಿಂದ, ಸ್ವಲ್ಪ ಬಿಚ್ಚಿ ಬರೆಯುವುದು ಅನಿವಾರ್ಯವಾಗಿದೆ.

ಈ ಪರೀಕ್ಷೆಗೆ ನಮ್ಮ ದೇಶದಲ್ಲಿ ಕೆಟ್ಟ ಹೆಸರು ಬಂದುದು ನಿಷ್ಕಾರಣವಾಗಿಯಲ್ಲ. 1868ರಲ್ಲಿ ಆಂಗ್ಲ ಸರ್ಕಾರದವರು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ, ವೇಶ್ಯೆಯರ ಹೆಸರುಗಳನ್ನು ದಾಖಲೆಗೆ ಸೇರಿಸಿ, ಅವರನ್ನು ಬಲವಂತದಿಂದ ಪರೀಕ್ಷಿಸಿ, ರೋಗವುಳ್ಳವರನ್ನು 'ಲಾಕ್ ಆಸ್ಪತ್ರೆ'ಗಳಲ್ಲಿ ಕೂಡಿಹಾಕುತ್ತಿದ್ದರು. ಅವರ ಬಳಿಗೆ ಹೋಗುತ್ತಿದ್ದ ಸೋಲ್ಜರರನ್ನು ಆ ಕಾಯಿದೆಯು ಮುಟ್ಟಲಿಲ್ಲ. ರೋಗ ಇಬ್ಬರದು, ಶಾಸನ ಮಾತ್ರ ಒಬ್ಬಳಿಗೆ! 1888ರಲ್ಲಿ ಅದು ರದ್ದಾಯಿತು. ಜನರ ಮನಸ್ಸಿನಲ್ಲಿ ಉಳಿದ ಅಂಜಿಕೆ ರದ್ದಾಗಲಿಲ್ಲ.

ಈಗಿನ ಕ್ರಮವೇ ಬೇರೆ. 2017ರ ಎಚ್‌ಐವಿ ಕಾಯಿದೆಯು, ತಿಳಿಸಿ ಒಪ್ಪಿಗೆ ಪಡೆಯದೆ ಯಾರನ್ನೂ ಆ ಪರೀಕ್ಷೆಗೆ ಒಳಪಡಿಸಕೂಡದೆಂದು ವಿಧಿಸಿದೆ. ಲೈಂಗಿಕ ವೃತ್ತಿಯವರು, ಪುರುಷರೊಡನೆ ಕೂಡುವ ಪುರುಷರು, ಲಿಂಗಾಂತರಿಗಳು, ಸೂಜಿಯಿಂದ ಮಾದಕದ್ರವ್ಯ ಚುಚ್ಚಿಕೊಳ್ಳುವವರು, ಇವರಿಗೆ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯ ಏರ್ಪಾಡಿದೆ. ಗರ್ಭಿಣಿಯರಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ನೋಡುತ್ತಾರೆ. ಸಿಫಿಲಿಸ್ಸನ್ನು ಅಲಕ್ಷಿಸಿದರೆ ಗರ್ಭದಲ್ಲಿಯೇ ಶಿಶು ಸಾಯಬಹುದು, ಇಲ್ಲವೆ ರೋಗದೊಡನೆ ಹುಟ್ಟಬಹುದು. ಆರಂಭದ ಹಂತದಲ್ಲಿ ಪೆನಿಸಿಲಿನ್ನಿನ ಒಂದೇ ಸೂಜಿಮದ್ದಿನಿಂದ ಅದು ಗುಣವಾಗುತ್ತದೆ.

ಹಾಗಾದರೆ ಬಿಟ್ಟುಹೋದವರು ಯಾರು? ಗೃಹಸ್ಥರಾದ ಗಂಡಸರು! ಗರ್ಭಿಣಿಯಾದುದರಿಂದ ಹೆಂಡತಿಯ ರಕ್ತವನ್ನು ನೋಡಿದರು, ಮದ್ದನ್ನೂ ಕೊಟ್ಟರು. ಗಂಡನು ಬಾರದಿದ್ದರೆ ಅದೇ ರೋಗವು ಅವನಿಂದ ಅವಳಿಗೆ ಮರಳಿ ತಗಲುವುದು. ಮೇಲಾಗಿ ಗೊನೋರಿಯಾ, ಕ್ಲಮೀಡಿಯಾ ಮುಂತಾದುವು ಸ್ತ್ರೀಯರಲ್ಲಿ ಎಷ್ಟೋ ವೇಳೆ ಲಕ್ಷಣವನ್ನೇ ತೋರದೆ ಗರ್ಭನಾಳಗಳನ್ನು ಕೆಡಿಸುತ್ತವೆ. ವರ್ಷಗಳ ತರುವಾಯ ಅವಳನ್ನು ಬಂಜೆಯೆನ್ನುವ ಅತ್ತೆಯವರಿಗೆ, ರೋಗವು ಯಾರ ಕಾಲಿನ ಮೇಲೆ ನಡೆದು ಮನೆಗೆ ಬಂದಿತೆಂಬ ವಿಚಾರವೇ ಹೊಳೆಯುವುದಿಲ್ಲ.

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಪರೀಕ್ಷೆಯೂ ಔಷಧವೂ ಪುಕ್ಕಟೆಯಾಗಿ ದೊರೆಯುತ್ತವೆ, ಗುಟ್ಟನ್ನೂ ಕಾಯುತ್ತಾರೆ. ಕಚೇರಿಗೂ ಅಂಗಡಿಗೂ ಹೋಗುವ ಗಂಡಸರಿಗೆ ಹಗಲಿನ ಹೊತ್ತು ಅನುಕೂಲವಲ್ಲವೆಂದಾದರೆ, ಅಧಿಕಾರಿಗಳು ವಾರದಲ್ಲಿ ಎರಡು ಸಂಜೆಯಾದರೂ ಅವುಗಳನ್ನು ತೆರೆದಿಡುವುದು ಯುಕ್ತ. ಹೆಂಡತಿಯ ಮೊದಲ ತಪಾಸಣೆಗೆ ಗಂಡನನ್ನೂ ಕರೆಯುವ ಪದ್ಧತಿ ಬೀಳಬೇಕು. ಸದ್ಯಕ್ಕೆ, ಹೆರಿಗೆ ಆಸ್ಪತ್ರೆಗೆ ಜೊತೆಯಲ್ಲಿ ಬಂದ ಗಂಡಸರು ಕುಳಿತುಕೊಳ್ಳಲು ಒಂದು ಬೆಂಚೂ ಇಲ್ಲದ ಊರುಗಳನ್ನು ನಾವು ಕಂಡಿದ್ದೇವೆ.