ವರ್ತೂರು ಕೆರೆ, ಕಣ್ಣಿಗೆ ಕಾಣದ ಬೆಳಕಲ್ಲಿ

ವರ್ತೂರು ಕೆರೆ ಏರಿ ಮೇಲೆ ಮೊದಲ ದಿನ ತೆಗೆದ ಇನ್‌ಫ್ರಾರೆಡ್ ಫೋಟೊಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ: ನೀರು ಎಲ್ಲಿ ಮುಗಿಯುತ್ತೆ, ಕಳೆ ಎಲ್ಲಿ ಶುರುವಾಗುತ್ತೆ. ಮಾಮೂಲಿ ಫೋಟೊದಲ್ಲಿ ಎರಡೂ ಹಸಿರುಹಸಿರು. ಇನ್‌ಫ್ರಾರೆಡ್‌ನಲ್ಲಿ ಹಾಗಲ್ಲ. ಎಲೆ ಆ ಬೆಳಕನ್ನು ವಾಪಸ್ ಎಸೆದು ಬೆಳ್ಳಗೆ ಕಾಣುತ್ತೆ, ನೀರು ನುಂಗಿ ಕಪ್ಪಾಗುತ್ತೆ. 1988ರಲ್ಲಿ ಹಾರಿದ ಇಸ್ರೋದ ಐಆರ್‌ಎಸ್-1ಎ ಉಪಗ್ರಹದಲ್ಲೂ ಈ ಬೆಳಕಿಗಂತಲೇ ಒಂದು ಬ್ಯಾಂಡ್ ಇತ್ತು.

ನಮ್ಮ ಕ್ಯಾಮೆರಾ ಮಾತ್ರ ಸುಲಭಕ್ಕೆ ಬಗ್ಗಲ್ಲ. ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಇರುತ್ತೆ. ಅದರ ಮೇಲೆ 720 ನ್ಯಾನೊಮೀಟರ್ ಫಿಲ್ಟರ್ ಹಾಕಿದರೆ ಉಳಿಯೋದು ಚೂರೇ ಬೆಳಕು. ಮಧ್ಯಾಹ್ನದ ಬಿಸಿಲಲ್ಲೂ ಎಫ್/8, ಐಎಸ್‌ಒ 400ಕ್ಕೆ ನನಗೆ 20 ಸೆಕೆಂಡ್ ಬೇಕಾಯ್ತು. ಟ್ರೈಪಾಡ್ ಇಲ್ಲದೆ ಆಗದು. ಮೀಟರ್ ನಂಬಬೇಡಿ, ಅದು ಕಣ್ಣಿಗೆ ಕಾಣುವ ಬೆಳಕಿಗೆ ಹೊಂದಿಸಿದ್ದು. ಒಂದು ತೆಗೆದು ಹಿಸ್ಟೋಗ್ರಾಮ್‌ನ ಕೆಂಪು ಚಾನೆಲ್ ನೋಡಿ. ಬಲಗಡೆ ಅಂಚಿಗೆ ಒತ್ತಿಕೊಂಡಿದ್ದರೆ ಸಮಯ ಅರ್ಧ ಮಾಡಿ.

ಫೋಕಸ್‌ನದ್ದು ಇನ್ನೊಂದು ಕಥೆ. ತರಂಗಾಂತರ ಹೆಚ್ಚಾದರೆ ಲೆನ್ಸ್ ಬೆಳಕನ್ನು ಕಡಿಮೆ ಬಾಗಿಸುತ್ತೆ, ಬಿಂಬ ಸೆನ್ಸರ್‌ನ ಹಿಂದೆ ಬೀಳುತ್ತೆ. ಹಾಗಾಗಿ ಫಿಲ್ಟರ್ ಇಲ್ಲದೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ, ರಿಂಗನ್ನು ಒಂಚೂರು ಹತ್ತಿರದ ದೂರದ ಕಡೆಗೆ ತಿರುಗಿಸಿ. ಹಳೇ ಲೆನ್ಸ್‌ಗಳಲ್ಲಿ ಇದಕ್ಕೇ ಒಂದು ಕೆಂಪು ಗುರುತಿರುತ್ತೆ.

ಇಷ್ಟಾದ ಮೇಲೂ ಕಳೆ ಮಸುಕು! ಝೂಮ್ ಮಾಡಿದರೆ ಅದರ ಪಕ್ಕದ ಕಲ್ಲು ಸ್ಪಷ್ಟವಾಗಿದೆ. ಫೋಕಸ್ ತಪ್ಪಿದ್ದರೆ ಕಲ್ಲೂ ಮಸುಕಾಗಬೇಕಿತ್ತಲ್ಲ? 20 ಸೆಕೆಂಡ್ ಗಾಳಿ ಸುಮ್ಮನಿರುತ್ತಾ? ರಿಂಗ್ ಜೊತೆ ಗುದ್ದಾಡಿದ್ದೆಲ್ಲ ದಂಡ. ಐಎಸ್‌ಒ 1600ಕ್ಕೆ ಏರಿಸಿ 5 ಸೆಕೆಂಡ್‌ಗೆ ಇಳಿಸಿದೆ. ಫೋಟೊ ಕಾಳುಕಾಳಾಗಿ ಬಂತು, ಆದರೆ ಕರೀ ನೀರಿನ ಅಂಚಲ್ಲಿ ಬಿಳೀ ಕಳೆಯ ಗಡಿ ಗೆರೆ ಎಳೆದಂಗೆ ಕಂಡಿತು.