ಜೀಪಿನ ಕಣ್ಣು ದೊಡ್ಡದಾದ ಕಥೆ

ಹಳೆಯ ವಾಹನಗಳ ಪ್ರದರ್ಶನವೊಂದರಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಜೀಪೊಂದರ ಮುಂದೆ ನಾನು ನಿಂತಿದ್ದಾಗ, ಅದರ ಯಜಮಾನರು ಬಾನೆಟ್ಟನ್ನು ಎತ್ತಿ, ದೀಪದ ಬೆನ್ನಿಗಿದ್ದ ಎರಡು ಕಿವಿಗಳ ನಟ್ಟೊಂದನ್ನು ಬರಿಗೈಯಿಂದಲೇ ಸಡಿಲಿಸಿ, ರಸ್ತೆಯ ಕಡೆಗೆ ಮುಖಮಾಡಿದ್ದ ಹೆಡ್‌ಲೈಟನ್ನು ಅದರ ಕೀಲಿನ ಮೇಲೆ ಮೆಲ್ಲಗೆ ಮಗುಚಿ ಎಂಜಿನ್ನಿನತ್ತ ತಿರುಗಿಸಿದರು. "ರಾತ್ರಿ ಕಾಡಿನಲ್ಲಿ ಗಾಡಿ ನಿಂತಿತೆನ್ನಿ, ಟಾರ್ಚು ಹಿಡಿಯುವುದಕ್ಕೆ ಇನ್ನೊಬ್ಬ ಬೇಕಾಗಿರಲಿಲ್ಲ ಸ್ವಾಮಿ" ಎಂದು ನಕ್ಕರು. ದಾರಿ ಕಾಣಲೆಂದು ಇಟ್ಟ ಕಣ್ಣು ಅಗತ್ಯ ಬಿದ್ದಾಗ ತನ್ನ ಉದರವನ್ನೇ ಪರೀಕ್ಷಿಸಿಕೊಳ್ಳುವ ಈ ಏರ್ಪಾಡನ್ನು ಕಂಡು ಬೆರಗಾದ ನಾನು, ಪಕ್ಕದಲ್ಲೇ ನಿಂತಿದ್ದ, ಯುದ್ಧ ಮುಗಿದ ಮೇಲೆ ತಯಾರಾದ ಇನ್ನೊಂದು ಜೀಪಿನಲ್ಲಿಯೂ ಅದೇ ನಟ್ಟನ್ನು ಹುಡುಕಿದೆ. ಅದು ಅಲ್ಲಿರಲಿಲ್ಲ. ದೀಪ ಮಾತ್ರ ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಎಣಿಸಿ ನೋಡಿದರೆ, ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದ ಕಡೆ ಏಳೇ ಉಳಿದಿದ್ದವು.

ಇಂದು ಕಾಡುದಾರಿಯಲ್ಲಿ ಓಡಿಸಲೆಂದು ಜೀಪನ್ನೋ ಥಾರನ್ನೋ ಕೊಂಡವರು, ಹೂವಿನ ಹಾರ ಬಾಡುವುದರೊಳಗೆ, ಮೊದಲು ಯೋಚಿಸುವುದು ಹೆಡ್‌ಲೈಟು ಬದಲಾಯಿಸುವುದನ್ನು. "ಕಂಪನಿ ಲೈಟು ಏನಕ್ಕೂ ಸಾಲದು" ಎಂಬುದು ಅವರೆಲ್ಲರ ಒಮ್ಮತದ ಅಭಿಪ್ರಾಯ. ಈ ಅತೃಪ್ತಿ ಎಷ್ಟು ಹಳೆಯದೆಂದು ಹುಡುಕುತ್ತ ಹೋದ ನನಗೆ, ದಾರಿ ಮತ್ತೆ ಮತ್ತೆ ಬಂದು ಮುಟ್ಟಿದುದು ಕಾಣೆಯಾದ ಆ ಎರಡು ಸೀಳುಗಳನ್ನೇ.

ಅದರ ಹಿಂದಿನ ಇತಿಹಾಸವನ್ನು ಬೇಗನೆ ದಾಟಿಬಿಡಬಹುದು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಅಸಿಟಲೀನ್ ಅನಿಲವೇ, ನಮ್ಮ ಜಾತ್ರೆಯಂಗಡಿಗಳಲ್ಲಿ ಬಹುಕಾಲ ಉರಿದ ಆ ದುರ್ವಾಸನೆಯ ಬೆಳಕೇ, ಆದಿಯಲ್ಲಿ ಮೋಟಾರಿಗೂ ದಾರಿ ತೋರಿತು. ವಿದ್ಯುದ್ದೀಪಗಳು 1898ರಲ್ಲಿಯೇ ಕೊಲಂಬಿಯಾ ಎಂಬ ಅಮೆರಿಕದ ಕಾರಿನಲ್ಲಿ ಬಂದಿದ್ದರೂ, ಓಡುವ ಗಾಡಿಯಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಹದದಲ್ಲಿಡುವ ವಿದ್ಯೆ ಕೈಗೆ ಹತ್ತುವವರೆಗೆ ಅವು ಶ್ರೀಮಂತರ ಅಲಂಕಾರವಾಗಿಯೇ ಉಳಿದವು. ಜರ್ಮನಿಯ ಬಾಷ್ ಸಂಸ್ಥೆ 1913ರಲ್ಲಿ ದೀಪ, ಡೈನಮೋ, ನಿಯಂತ್ರಕ ಮೂರನ್ನೂ ಒಂದೇ ಕಟ್ಟಿನಲ್ಲಿ ಮಾರಾಟಕ್ಕಿಟ್ಟ ಮೇಲೆ ಅನಿಲದ ಕಾಲ ಮುಗಿಯುತ್ತ ಬಂತು.

ಮುಗಿಯದೆ ಉಳಿದುದು ಬೇರೊಂದು ಪೀಡೆ. ದೀಪದ ಗೂಡಿನೊಳಗಿನ ಪ್ರತಿಫಲಕಕ್ಕೆ ಬೆಳ್ಳಿಯ ಲೇಪವಿರುತ್ತಿತ್ತು. ದೇವರಮನೆಯ ಬೆಳ್ಳಿದೀಪ ಹೇಗೆ ತಿಂಗಳೊಪ್ಪತ್ತಿನಲ್ಲಿ ಕಪ್ಪಿಡುವುದೋ ಹಾಗೆಯೇ ಅದೂ ಕಪ್ಪಿಡುತ್ತಿತ್ತು. ಧೂಳು, ತೇವಗಳು ಸಂದಿಯಲ್ಲಿ ನುಸುಳಿ, ಕೊಂಡ ಹೊಸತರಲ್ಲಿ ಹಾಲು ಚೆಲ್ಲಿದಂತಿದ್ದ ಬೆಳಕು ಒಂದೆರಡು ಮಳೆಗಾಲಗಳಲ್ಲಿ ಕಷಾಯದ ಬಣ್ಣಕ್ಕೆ ಇಳಿಯುತ್ತಿತ್ತು. ಇದಕ್ಕೆ ಅಮೆರಿಕದವರು ಕಂಡುಕೊಂಡ ಪರಿಹಾರವೇ ಸೀಲ್ಡ್ ಬೀಮ್: ಗಾಜಿನ ಪ್ರತಿಫಲಕದ ಮೇಲೆ ಅಲ್ಯೂಮಿನಿಯಮ್ಮಿನ ಆವಿಯನ್ನು ಹಾಯಿಸಿ ಕನ್ನಡಿ ಮಾಡಿ, ತಂತುವನ್ನು ಒಳಗಿಟ್ಟು, ಮುಂದಿನ ಗಾಜನ್ನು ಬೆಸೆದು, ಇಡೀ ದೀಪವನ್ನೇ ಒಂದು ದೊಡ್ಡ ಬಲ್ಬನ್ನಾಗಿಸಿಬಿಟ್ಟರು. 1940ರ ಮಾದರಿಯ ಕಾರುಗಳಿಂದ ಇದು ಅಲ್ಲಿ ಬಳಕೆಗೆ ಬಂತು. ಅಷ್ಟೇ ಅಲ್ಲ, ಕಾರು ಯಾರದೇ ಆಗಿರಲಿ, ದೀಪ ಏಳು ಇಂಚು ವ್ಯಾಸದ ದುಂಡನೆಯದೇ ಆಗಿರಬೇಕು, ಬಲಕ್ಕೊಂದು ಎಡಕ್ಕೊಂದು ಎರಡೇ ಇರಬೇಕು ಎಂಬ ನಿಯಮ ಸ್ಥಿರವಾಗಿ, 1957ರವರೆಗೆ ಕದಲದೆ ನಿಂತಿತು. ವಾಹನಶಿಲ್ಪಿಗಳು ಈ ನಿರ್ಬಂಧವನ್ನು ಶಪಿಸಿದರು. ಕೆಟ್ಟುಹೋದ ದೀಪಕ್ಕೆ ಬದಲಿಯನ್ನು ಯಾವ ಊರಿನ ಯಾವ ಅಂಗಡಿಯಲ್ಲಿಯಾದರೂ ಕೊಳ್ಳಬಹುದಾಗಿದ್ದ ಚಾಲಕನು ಶಪಿಸಿದನೆಂದು ನನಗೆ ತೋರುವುದಿಲ್ಲ.

ವಿಲೀಸ್ ಸಂಸ್ಥೆಯ ಸೈನಿಕ ಜೀಪು 1941ರಲ್ಲಿ ರೂಪುಗೊಂಡಾಗ ಅದಕ್ಕಿದ್ದುದು ಆರು ವೋಲ್ಟಿನ ಬ್ಯಾಟರಿ, ಮತ್ತು ಜಾಲರಿಯ ಹಿಂದೆ ಅವಿತು ಕುಳಿತ ಸಣ್ಣ ದೀಪಗಳು. ಮೊದಮೊದಲು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡುತ್ತಿದ್ದ ಆ ಜಾಲರಿಗೆ ಬದಲಾಗಿ, ಅದೇ ಜೀಪನ್ನು ತಾನೂ ತಯಾರಿಸುತ್ತಿದ್ದ ಫೋರ್ಡ್ ಸಂಸ್ಥೆಯು ಒಂದೇ ತಗಡನ್ನು ಅಚ್ಚೊತ್ತಿ ಒಂಬತ್ತು ಸೀಳುಗಳನ್ನು ತೆರೆಯಿತು. ಖರ್ಚೂ ತೂಕವೂ ಕಡಿಮೆಯಾದುದನ್ನು ಕಂಡು ವಿಲೀಸಿನವರೂ ಅದನ್ನೇ ಅನುಸರಿಸಿದರು. ಯುದ್ಧ ಮುಗಿದು 1945ರಲ್ಲಿ ರೈತರಿಗಾಗಿ, ತೋಟದವರಿಗಾಗಿ ಸಿಜೆ-2ಎ ಎಂಬ ಸಾಧು ಜೀಪು ಹೊರಟಾಗ, ಊರಿನ ರಸ್ತೆಯ ನಿಯಮಕ್ಕೆ ತಕ್ಕಂತೆ ಅದಕ್ಕೆ ಏಳು ಇಂಚಿನ ಪೂರ್ಣ ಗಾತ್ರದ ದೀಪಗಳೇ ಬೇಕಾದವು. ತಗಡಿನ ಅಗಲ ಅಷ್ಟೇ, ದೀಪಗಳು ಹಿಗ್ಗಿದುವು, ಎಡದಲ್ಲೊಂದು ಬಲದಲ್ಲೊಂದು ಸೀಳು ಅವುಗಳಿಗೆ ಜಾಗ ಬಿಟ್ಟು ಮರೆಯಾಯಿತು. ಜಗತ್ತಿನ ಏಳು ಖಂಡಗಳನ್ನೂ ಮುಟ್ಟಿದ ಪ್ರಥಮ ವಾಹನವಾದುದರಿಂದ ಜೀಪಿಗೆ ಏಳು ಸೀಳುಗಳೆಂದು ಅದರ ಅಭಿಮಾನಿಗಳು ಭಕ್ತಿಯಿಂದ ಹೇಳುವುದುಂಟು. ಸ್ಥಳಪುರಾಣಗಳ ವಿಷಯದಲ್ಲಿ ನನಗೆ ಗೌರವವಿದೆ. ಆದರೆ ಇಲ್ಲಿ ಮಹಿಮೆಯೆಲ್ಲ ಸಲ್ಲಬೇಕಾದುದು ಖಂಡಗಳಿಗಲ್ಲ, ಬಲ್ಬಿಗೆ.

ಈ ದುಂಡುಕಣ್ಣಿನ ವಿಷಯದಲ್ಲಿ ಮುಂದೆ ಒಂದು ವ್ಯಾಜ್ಯವೂ ನಡೆಯಿತು. 1987ರ ಮಾದರಿಯಾಗಿ ಬಂದ ರ‍್ಯಾಂಗ್ಲರ್ ಜೀಪಿಗೆ ಆ ಕಾಲದ ಷೋಕಿಗನುಸಾರವಾಗಿ ಚೌಕಾಕಾರದ ದೀಪಗಳನ್ನಿಟ್ಟರು. ಹಳಬರು ಇದನ್ನು ಧರ್ಮಭ್ರಷ್ಟತೆಯೆಂದೇ ಬಗೆದರು. ಚೌಕದೀಪದ ಜೀಪು ಜೀಪೇ ಅಲ್ಲವೆಂದು ದಶಕದಷ್ಟು ಕಾಲ ಬೈದುಕೊಂಡು ತಿರುಗಿದರು. 1997ರ ಮಾದರಿಯಲ್ಲಿ ದುಂಡುದೀಪ ಮರಳಿ ಬಂದಾಗಲೇ ಅವರ ಸಿಟ್ಟು ಇಳಿದುದು. ಹೊರಗಿನಿಂದ ನೋಡಿದವರಿಗೆ ಇದು ಬರಿಯ ಚಾಪಲ್ಯ. ಆದರೆ 1940ರಲ್ಲಿ ಯಾರೋ ಗೆರೆಯೆಳೆದ ಆ ಏಳು ಇಂಚಿನ ವೃತ್ತ ಹಾಗೆಯೇ ಉಳಿದುದರಿಂದಲ್ಲವೇ, ಮೊಮ್ಮಗನ ಕಾಲದ ದೀಪವು ಅಜ್ಜನ ಕಾಲದ ಜೀಪಿಗೆ ಇಂದಿಗೂ ಹೊಂದುವುದು?

ನಮ್ಮಲ್ಲಿ ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದರು. ಆ ವಂಶದ ಎತ್ತರದ ಮೂತಿಯ ಜೀಪುಗಳು ಕೊಡಗು, ಚಿಕ್ಕಮಗಳೂರುಗಳ ತೋಟಗಳಲ್ಲಿ ಎತ್ತಿನ ಗಾಡಿಯಷ್ಟೇ ಸಹಜವಾಗಿ ನೆಲಸಿದುವು. ನಾನು ಬಾಲ್ಯದಲ್ಲಿ ಕಂಡ ಅಂಥದೊಂದರಲ್ಲಿ, ಕ್ಲಚ್ಚಿನ ಎಡಕ್ಕೆ, ನೆಲದ ತಗಡಿನಲ್ಲಿ ರೂಪಾಯಿಯಗಲದ ಗುಂಡಿಯೊಂದಿತ್ತು. ಎದುರಿನಿಂದ ಗಾಡಿ ಬಂದರೆ ಚಾಲಕನು ಎಡಗಾಲಿನಿಂದ ಅದನ್ನು ಟಕ್ಕೆಂದು ಅದುಮುತ್ತಿದ್ದ, ದೀಪ ತಲೆತಗ್ಗಿಸುತ್ತಿತ್ತು, ಎದುರಿನವನೂ ತಗ್ಗಿಸುತ್ತಿದ್ದ, ದಾಟಿಹೋದ ಮೇಲೆ ಇನ್ನೊಮ್ಮೆ ಟಕ್ಕೆಂಬ ಸದ್ದು. ಮಳೆಗಾಲದಲ್ಲಿ ಕಾಲಿನ ಕೆಸರು ಸೇರಿ ಅದು ಸಿಕ್ಕಿಕೊಂಡರೆ ಕೆಳಗಿಳಿದು ಸೀಮೆಎಣ್ಣೆ ಹಾಕಬೇಕಾಗುತ್ತಿತ್ತು. ದೀಪದ ಗಾಜಿನ ಮೇಲೆ ಆಗೆಲ್ಲ ಕಪ್ಪು ಬಣ್ಣದ ಬೊಟ್ಟೊಂದಿರುತ್ತಿತ್ತು, ದೃಷ್ಟಿಯಾಗದಿರಲೆಂದು ಮಗುವಿನ ಕೆನ್ನೆಗೆ ಇಟ್ಟಂತೆ. ಅದು ಎದುರಿನವರ ದೃಷ್ಟಿಯನ್ನು ಕಾಯಲು ಇಟ್ಟದ್ದೆಂದು ನನಗೆ ತಿಳಿದುದು ಬಹಳ ಕಾಲದ ಮೇಲೆ.

ಆ ಬೆಳಕು ಸಾಲದಾಗಿತ್ತೆಂಬುದನ್ನು ಒಪ್ಪಲೇಬೇಕು. ಹ್ಯಾಲೊಜನ್ ಪೂರ್ವದ ಬಲ್ಬು ಮೇಲಿನ ಬೆಳಕಿಗೆ 45 ವ್ಯಾಟು, ಡಿಮ್ಮಿಗೆ 40 ವ್ಯಾಟು ಉರಿಯುತ್ತಿತ್ತು. ಅದರ ಮೇಲೆ ಇನ್ನೊಂದು ಗ್ರಹಚಾರ: ಬ್ಯಾಟರಿಯಿಂದ ಹೊರಟ ವಿದ್ಯುತ್ತು ಡ್ಯಾಷ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಕಾಲಡಿಯ ಗುಂಡಿಗೆ ಇಳಿದು, ಬಡಕಲು ತಂತಿಗಳಲ್ಲಿ ಮತ್ತೆ ಮೂತಿಯವರೆಗೆ ನಡೆಯಬೇಕಾಗಿದ್ದುದರಿಂದ, ದಾರಿಯಲ್ಲೇ ಅರ್ಧ ಬಳಲಿಹೋಗುತ್ತಿತ್ತು. ತಂತುವಿನ ಬೆಳಕು ವೋಲ್ಟೇಜಿನೊಡನೆ ಸಮನಾಗಿ ಇಳಿಯುವುದಿಲ್ಲ. ವೋಲ್ಟೇಜು ಹತ್ತರಲ್ಲೊಂದು ಪಾಲು ಕುಸಿದರೆ ಬೆಳಕು ಹೆಚ್ಚುಕಡಿಮೆ ಹತ್ತರಲ್ಲಿ ಮೂರು ಪಾಲು ಕುಸಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಸಂದಿಯೊಂದರಲ್ಲಿ, ನಾನು ಹಳೆಯ ಜೀಪಿಗಾಗಿ 100/90 ವ್ಯಾಟಿನ ದೊಡ್ಡ ಬಲ್ಬುಗಳನ್ನು ಕೇಳಿದಾಗ, ಅಲ್ಲಿನ ಮುದಿ ಎಲೆಕ್ಟ್ರಿಷಿಯನ್ನರು ಬಲ್ಬು ತೆಗೆಯದೆ ಮೀಟರು ತೆಗೆದರು. ಎಂಜಿನ್ನು ಓಡುತ್ತಿರುವಾಗ ಅದರ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿ, ಅನಂತರ ಬಲ್ಬಿನ ಹೋಲ್ಡರಿಗೆ ಮುಟ್ಟಿಸಿ, ನಡುವೆ ಎರಡು ವೋಲ್ಟು ಸೋರಿಹೋದುದನ್ನು ತೋರಿಸಿ, "ನಲ್ಲಿ ಕಟ್ಟಿಕೊಂಡಿದೆ, ನೀವು ದೊಡ್ಡ ಬಿಂದಿಗೆ ಕೇಳ್ತಿದ್ದೀರಲ್ಲ ಸಾರ್" ಎಂದರು. ದೊಡ್ಡ ಬಲ್ಬುಗಳೆರಡೂ ಸೇರಿ ಹದಿನಾರು ಆಂಪಿಯರಿಗೂ ಮಿಕ್ಕಿ ಎಳೆಯುವುವೆಂದೂ, ಹಳೆಯ ಸ್ವಿಚ್ಚು ಅದನ್ನು ತಾಳಲಾರದೆಂದೂ ಹೇಳಿ, ಹಿಂದೊಮ್ಮೆ ಯಾರದೋ ಗಾಡಿಯಿಂದ ಬಿಚ್ಚಿಟ್ಟಿದ್ದ, ಬೆಲ್ಲದಂತೆ ಕರಗಿದ ಹೋಲ್ಡರೊಂದನ್ನು ಡಬ್ಬದಿಂದ ತೆಗೆದು ನನ್ನ ಅಂಗೈಗಿಟ್ಟರು. ಆಮೇಲೆ ಎರಡು ರಿಲೇಗಳನ್ನು ಕೂರಿಸಿ, ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ದಪ್ಪ ತಂತಿಯೆಳೆದು, ಫ್ಯೂಸಿಟ್ಟು, ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಸಣ್ಣ ಕೆಲಸವನ್ನಷ್ಟೇ ಉಳಿಸಿದರು. ಬಲ್ಬು ಸಾಧಾರಣ 60/55 ವ್ಯಾಟಿನ ಎಚ್4. ದೀಪ ಹಚ್ಚಿದಾಗ ಎದುರಿನ ಷಟರಿನ ಮೇಲೆ ಬಿದ್ದ ಬೆಳಕು ಬೇರೊಂದು ಗಾಡಿಯದೆಂಬಂತಿತ್ತು.

ಆ ಎಚ್4 ಬಲ್ಬನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು; ಗಾಜನ್ನು ಮಾತ್ರ ಮುಟ್ಟಬಾರದು, ಬೆರಳಿನ ಜಿಡ್ಡು ಕಾದು ಗಾಜು ಒಡೆಯುತ್ತದೆ. 1959ರಲ್ಲಿ ಜನರಲ್ ಎಲೆಕ್ಟ್ರಿಕ್ಕಿನ ಇಬ್ಬರು ತಂತ್ರಜ್ಞರು ಹಕ್ಕುಪತ್ರ ಪಡೆದ ಹ್ಯಾಲೊಜನ್ ದೀಪದ ಮರ್ಮವೇನೆಂದರೆ, ಕಾದ ತಂತುವಿನಿಂದ ಆವಿಯಾದ ಟಂಗ್‌ಸ್ಟನ್ನನ್ನು ಒಳಗಿನ ಅನಿಲವು ಗಾಜಿಗಂಟಲು ಬಿಡದೆ ಹೊತ್ತೊಯ್ದು ತಂತುವಿನ ಮೇಲೆಯೇ ಮರಳಿ ಇಳಿಸುವುದು. ಯುರೋಪಿನ ವಾಹನಗಳಿಗೆ ಅದು 1962ರಲ್ಲಿ ಬಂತು. ಎರಡು ತಂತುಗಳ ಎಚ್4 ಬಂದುದು 1971ರಲ್ಲಿ. ಡಿಮ್ಮಿನ ತಂತುವಿನ ಕೆಳಗೆ, ದೊನ್ನೆಯ ಆಕಾರದಲ್ಲಿ, ಉಗುರಿನಷ್ಟು ಚಿಕ್ಕ ಲೋಹದ ತಟ್ಟೆಯೊಂದಿದೆ. ಪ್ರತಿಫಲಕದ ಕೆಳಗಿನ ಅರ್ಧಕ್ಕೆ ಬೆಳಕು ಹೋಗದಂತೆ ಅದು ತಡೆಯುತ್ತದೆ. ಹಾಗೆ ತಡೆದುದರಿಂದಲೇ ಗೋಡೆಯ ಮೇಲೆ ಕತ್ತರಿಸಿದಂಥ ಒಂದು ಅಂಚು ಮೂಡುತ್ತದೆ, ಅಂಚಿನ ಕೆಳಗೆ ದಾರಿ, ಮೇಲೆ ಎದುರಿನವನಿಗಾಗಿ ಬಿಟ್ಟ ಕತ್ತಲೆ. ಎಡದಲ್ಲಿ ಓಡಿಸುವ ನಮ್ಮಂಥ ದೇಶಗಳ ದೀಪಗಳಲ್ಲಿ ಆ ಅಂಚು ಎಡಕ್ಕೆ ತುಸು ಏರಿ, ರಸ್ತೆಯ ಬದಿಯಲ್ಲಿ ನಡೆಯುವವರನ್ನು ತೋರಿಸುತ್ತದೆ. ಬಲದಲ್ಲಿ ಓಡಿಸುವ ದೇಶಗಳಿಂದ ದುಬಾರಿ ಬೆಲೆಗೆ ತರಿಸಿದ ದೀಪವಾದರೋ ಅದನ್ನೇ ಬಲಕ್ಕೆ ಏರಿಸಿ ಎದುರಿನ ಚಾಲಕನ ಕಣ್ಣಿಗೆ ನೆಡುತ್ತದೆ. ತರಿಸಿಕೊಂಡವರು ಅದನ್ನೇ ಮೆಚ್ಚಿಕೊಳ್ಳುವುದನ್ನೂ ನಾನು ಕೇಳಿದ್ದೇನೆ.

ಎಲ್‌ಇಡಿಯ ಬಗ್ಗೆ ನನಗೆ ತಾತ್ತ್ವಿಕ ವಿರೋಧವಿಲ್ಲ. ಏಳು ಇಂಚಿನ ಇಡೀ ದೀಪವನ್ನೇ ಎಲ್‌ಇಡಿಗೆಂದು ರಚಿಸಿದರೆ, ಕಡಿಮೆ ವಿದ್ಯುತ್ತಿನಲ್ಲಿ ಅದು ಅಂಚನ್ನೂ ಉಳಿಸಿಕೊಂಡು ಅಚ್ಚುಕಟ್ಟಾಗಿ ಬೆಳಗುತ್ತದೆ. ನನ್ನ ಅಸಮಾಧಾನವೆಲ್ಲ ಎಚ್4ರ ಗೂಡಿನೊಳಗೆ ತುರುಕುವ ಅಗ್ಗದ ಎಲ್‌ಇಡಿ ಬಲ್ಬಿನ ಮೇಲೆ. ಪ್ರತಿಫಲಕವೆಂಬುದು ಒಂದು ನಿಶ್ಚಿತ ಬಿಂದುವಿನಲ್ಲಿ ಕೂತ ತಂತುವನ್ನು ನಂಬಿ ತಿದ್ದಿದ ವಕ್ರರೇಖೆ. ಬೆಳಕಿನ ಮೂಲ ಅಲ್ಲಿಂದ ಒಂದೆರಡು ಮಿಲಿಮೀಟರು ಸರಿದರೂ ಲೆಕ್ಕವೆಲ್ಲ ತಪ್ಪಿ, ಬೆಳಕು ಮರದ ತುದಿಗೂ ಎದುರಿನವನ ಮುಖಕ್ಕೂ ಚೆದರುತ್ತದೆ. ಮುಂಗಾರಿನಲ್ಲಿ ಚಾರ್ಮಾಡಿಯಲ್ಲೋ ಕೊಡಚಾದ್ರಿಯ ಜೀಪುದಾರಿಯಲ್ಲೋ ಮಂಜು ಮುಸುಕಿದಾಗ, ಆ ಚೆದರಿದ ಬಿಳುಪೆಲ್ಲ ಹಿಂದಿರುಗಿ ಚಾಲಕನ ಕಣ್ಣಿಗೇ ಬಡಿದು, ಮುಂದೆ ಸುಣ್ಣದ ಗೋಡೆ ಎದ್ದಂತಾಗುತ್ತದೆ. ಆಗ ಕೆಲಸಕ್ಕೆ ಬರುವುದು ಬಂಪರಿನ ಮಟ್ಟದಲ್ಲಿ, ನೆಲಕ್ಕೆ ಸಮೀಪವಾಗಿ ಕಟ್ಟಿದ ದೀಪಗಳೇ. ಕರ್ನಾಟಕದ ಪೊಲೀಸರು 2024ರ ಜುಲೈನಿಂದ ಕಣ್ಣು ಕೋರೈಸುವ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಗೆ ಇಳಿದಾಗ, ದಂಡ ತೆತ್ತವರ ದುಃಖದಲ್ಲಿ ನಾನು ಭಾಗಿಯಾಗಲಿಲ್ಲ.

ನನ್ನ ಜೀಪಿನ ದೀಪಗಳನ್ನು, ಹೊಸ ತಂತಿಯೆಳೆದ ದಿನವೇ, ಸಮತಟ್ಟಾದ ಅಂಗಳದಲ್ಲಿ ಹತ್ತು ಮೀಟರು ದೂರದ ಗೋಡೆಯೆದುರು ನಿಲ್ಲಿಸಿ ಹದಗೊಳಿಸಿದೆ. ದೀಪದ ನಡುಮಟ್ಟಕ್ಕೆ ಸರಿಯಾಗಿ ಗೋಡೆಯ ಮೇಲೊಂದು ಸೀಮೆಸುಣ್ಣದ ಗೆರೆ, ಅದಕ್ಕಿಂತ ಹತ್ತು ಸೆಂಟಿಮೀಟರು ಕೆಳಗೆ ಇನ್ನೊಂದು. ಬೆಳಕಿನ ಅಂಚು ಕೆಳಗಿನ ಗೆರೆಗೆ ಬಂದು ಕೂರುವವರೆಗೆ ಸ್ಕ್ರೂಡ್ರೈವರಿನಿಂದ ತಿರುಪುಗಳನ್ನು ಕಾಲುಸುತ್ತು ಕಾಲುಸುತ್ತಾಗಿ ತಿರುಗಿಸಬೇಕು. ದೊಡ್ಡ ಚಕ್ರ ಹಾಕಿಸಿ ಗಾಡಿಯನ್ನು ಎತ್ತರಿಸಿದವರು ಗೆರೆಗಳನ್ನು ಹೊಸದಾಗಿ ಎಳೆಯಬೇಕು. ಯಾರೂ ಎಳೆಯುವುದಿಲ್ಲ.

ಮೊನ್ನೆ ಮಿತ್ರರೊಬ್ಬರ ಹೊಸ ಗಾಡಿಯನ್ನು ಕೊಟ್ಟಿಗೆಹಾರದಿಂದ ಕೆಳಕ್ಕೆ ನಾನೇ ಓಡಿಸಿಕೊಂಡು ಇಳಿಯುತ್ತಿದ್ದೆ. ತಿರುವಿನಾಚೆಯಿಂದ ಲಾರಿಯೊಂದು ಏರಿಬಂತು, ಮತ್ತು ನಾನು ನಿರೀಕ್ಷಿಸದಿದ್ದ ಹೊತ್ತಿನಲ್ಲಿ ಅದರ ಚಾಲಕನು ದೀಪವನ್ನು ತಗ್ಗಿಸಿದ. ನನ್ನ ಎಡಗಾಲು ತಾನಾಗಿ ಸರಿದು ನೆಲದ ಮೇಲೆ ಗುಂಡಿಗಾಗಿ ತಡಕಾಡಿತು. ಅಲ್ಲಿದ್ದುದು ರಬ್ಬರಿನ ಹಾಸು. ಸ್ಟಿಯರಿಂಗಿನ ಪಕ್ಕದ ಕಡ್ಡಿ ಕೈಗೆ ಸಿಗುವಷ್ಟರಲ್ಲಿ ಲಾರಿ ಪಕ್ಕದಲ್ಲಿ ಹಾದುಹೋಯಿತು. ಹೋಗುವಾಗ ಅದರ ಕಿಟಕಿಯಿಂದ ಒಂದು ಮಾತು ಕೇಳಿಸಿತು, ಅದನ್ನು ಇಲ್ಲಿ ಬರೆಯಲಾರೆ.